ಹಡಗಿನ ಹೆಸರು ಹೊತ್ತ ಗುಲಾಬಿ

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ‘ಮೇರಿ ರೋಸ್’ ಯುದ್ಧನೌಕೆ 1545ರಲ್ಲಿ ಸಮುದ್ರ ಸೇರಿತು. ಅದರ ಅವಶೇಷವನ್ನು ಮೇಲೆತ್ತಿದ್ದು 1982ರಲ್ಲಿ. ಮರುವರ್ಷ ಲಂಡನ್ನಿನ ಚೆಲ್ಸಿ ಪುಷ್ಪಪ್ರದರ್ಶನದಲ್ಲಿ ಅದೇ ಹೆಸರಿನ ಗುಲಾಬಿಯೊಂದು ಜನರೆದುರು ಬಂತು. ನಸುಗೆಂಪಿನ, ಒತ್ತೆಸಳಿನ ಈ ಪರಿಮಳದ ಹೂವು ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಅರಳುತ್ತದೆ.

ಇದನ್ನು ರೂಪಿಸಿದವರು ಶ್ರಾಪ್‌ಶೈರಿನ ರೈತ ಡೇವಿಡ್ ಆಸ್ಟಿನ್ (1926–2018). ಯುರೋಪಿನ ಹಳೆಯ ಗುಲಾಬಿಗಳಿಗೆ ಸುವಾಸನೆಯಿತ್ತು. ಆದರೆ ಹೆಚ್ಚಿನವು ಅರಳುತ್ತಿದ್ದುದು ವರ್ಷಕ್ಕೊಮ್ಮೆ. 18ನೇ ಶತಮಾನದ ಕೊನೆಗೆ ಚೀನಾದಿಂದ ಬಂದ ಗಿಡಗಳು ಪದೇ ಪದೇ ಹೂಬಿಡುವ ಗುಣವನ್ನು ತಂದವು. ಅವುಗಳ ಸಂಕರದಿಂದ ಮುಂದೆ ಹೈಬ್ರಿಡ್ ಟೀ ಗುಲಾಬಿಗಳು ಹುಟ್ಟಿದವು. ನೀಳ ಮೊಗ್ಗು, ಕಡುಬಣ್ಣಗಳ ಮೋಹದಲ್ಲಿ ಎಷ್ಟೋ ಹೊಸ ತಳಿಗಳು ಪರಿಮಳ ಕಳೆದುಕೊಂಡವು. ಹಳೆಯವು ತೋಟಗಳಿಂದ ಮರೆಯಾದವು.

ಹಳೆಯ ‘ಬೆಲ್ ಇಸಿಸ್’ ತಳಿಯನ್ನು ಆಧುನಿಕ ‘ಡೇಂಟಿ ಮೇಡ್’ ಜೊತೆ ಆಸ್ಟಿನ್ ಸಂಕರಿಸಿದರು. 1961ರಲ್ಲಿ ‘ಕಾನ್‌ಸ್ಟನ್ಸ್ ಸ್ಪ್ರೈ’ ಬಂತು. ಪರಿಮಳವೇನೋ ಇತ್ತು, ಹೂವು ಮಾತ್ರ ವರ್ಷಕ್ಕೊಮ್ಮೆಯೇ. ಮರುಹೂವಿನ ಗುಣ ಸುಪ್ತವಾದದ್ದು. ತಂದೆ-ತಾಯಿ ಇಬ್ಬರಿಂದಲೂ ಬಂದರಷ್ಟೇ ಸಂತಾನದಲ್ಲಿ ಪ್ರಕಟವಾಗುತ್ತದೆ. ಹಾಗಾಗಿ ಸಂತತಿಯನ್ನು ಮತ್ತೆ ಆಧುನಿಕ ಗುಲಾಬಿಗಳೊಡನೆ ಸಂಕರಿಸಬೇಕಾಯಿತು. ‘ಮೇರಿ ರೋಸ್’ ಬರುವ ಹೊತ್ತಿಗೆ ಎರಡು ದಶಕ ಕಳೆದಿತ್ತು.

ಅದೇ ಪ್ರದರ್ಶನದಲ್ಲಿದ್ದ ಆಸ್ಟಿನ್‌ರ ಹಳದಿ ಗುಲಾಬಿಯ ಹೆಸರು ‘ಗ್ರಹಾಂ ಥಾಮಸ್’. ಹಳೆಯ ಗುಲಾಬಿಗಳನ್ನು ಹುಡುಕಿ ಕೂಡಿಟ್ಟ ತೋಟಗಾರನಿಗೆ ಸಂದ ಗೌರವ ಅದು. ಯಾರಿಗೂ ಬೇಡವಾದ ಕಾಲದಲ್ಲಿ ಅಂಥವರು ಆ ಗಿಡಗಳನ್ನು ಉಳಿಸದಿದ್ದರೆ ಆಸ್ಟಿನ್‌ರ ಸಂಕರಕ್ಕೆ ತಾಯಿಗಿಡವೇ ಸಿಗುತ್ತಿರಲಿಲ್ಲ.