ರಾವಲ್ಪಿಂಡಿಗೆ ಬಂದ ಮನವಿಗಳು

ಪಾಕಿಸ್ತಾನದ ಮಾಜಿ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೋ ಅವರ ಜೀವ ಉಳಿಸಲು 1978 ಮತ್ತು 1979ರಲ್ಲಿ ದೇಶದ ಒಳಗೂ ಹೊರಗೂ ನಡೆದ ಪ್ರಯತ್ನಗಳ ದೊಡ್ಡ ತೊಡಕೆಂದರೆ, ಕ್ಷಮಾದಾನ ನೀಡಬೇಕಾದವರೂ ಅವರನ್ನು ಪದಚ್ಯುತಗೊಳಿಸಿದವರೂ ಒಬ್ಬರೇ ಆಗಿದ್ದುದು. 1976ರಲ್ಲಿ ಹಿರಿಯ ಅಧಿಕಾರಿಗಳನ್ನು ಬದಿಗಿರಿಸಿ ಭುಟ್ಟೋ ಅವರೇ ಸೇನಾ ಮುಖ್ಯಸ್ಥರನ್ನಾಗಿ ನೇಮಿಸಿದ್ದ ಜನರಲ್ ಜಿಯಾ ಉಲ್ ಹಕ್, 1977ರ ಜುಲೈ 5ರಂದು ಅಧಿಕಾರವನ್ನು ಕಿತ್ತುಕೊಂಡರು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಅವರೇ ರಾಷ್ಟ್ರಾಧ್ಯಕ್ಷರೂ ಆದರು. ಭುಟ್ಟೋ ಆಳ್ವಿಕೆಯಲ್ಲಿ ರೂಪುಗೊಂಡ 1973ರ ಸಂವಿಧಾನದ 45ನೆಯ ವಿಧಿಯು ಶಿಕ್ಷೆಯನ್ನು ಮನ್ನಾ ಮಾಡುವ, ತಗ್ಗಿಸುವ ಅಥವಾ ಮುಂದೂಡುವ ಅಧಿಕಾರವನ್ನು ಅದೇ ಪದವಿಗೆ ಒಪ್ಪಿಸಿತ್ತು.

ಭುಟ್ಟೋ ಅವರ ಮೇಲಿನ ಕೊಲೆ ಮೊಕದ್ದಮೆಯ ಮೂಲ 1974ರ ನವೆಂಬರ್‌ನಲ್ಲಿ ಲಾಹೋರಿನಲ್ಲಿ ನಡೆದ ಗುಂಡಿನ ದಾಳಿ. ಭುಟ್ಟೋ ಅವರ ಕಟು ಟೀಕಾಕಾರರಾಗಿದ್ದ ಸಂಸದ ಅಹ್ಮದ್ ರಜಾ ಕಸೂರಿ ಅವರ ಕಾರಿನ ಮೇಲೆ ನಡೆದ ಆ ದಾಳಿಯಲ್ಲಿ ಅವರ ತಂದೆ ಸಾವಿಗೀಡಾದರು. ಫೆಡರಲ್ ಸೆಕ್ಯುರಿಟಿ ಫೋರ್ಸ್ ಎಂಬ ಅರೆಸೇನಾ ಪಡೆಯ ಮುಖ್ಯಸ್ಥರಾಗಿದ್ದ ಮಸೂದ್ ಮಹಮೂದ್ ಮಾಫಿ ಸಾಕ್ಷಿಯಾದರು, ಅಂದರೆ ತಪ್ಪೊಪ್ಪಿಕೊಂಡು, ಇತರರ ವಿರುದ್ಧ ಸಾಕ್ಷ್ಯ ನುಡಿಯುವ ಷರತ್ತಿನ ಮೇಲೆ ಶಿಕ್ಷೆಯಿಂದ ವಿನಾಯಿತಿ ಪಡೆದರು. ಇಂತಹ ಹೇಳಿಕೆಯೊಂದನ್ನು ಮುಖ್ಯ ಆಧಾರವಾಗಿಸಿಕೊಂಡು ಲಾಹೋರ್ ಹೈಕೋರ್ಟ್ 1978ರ ಮಾರ್ಚ್ 18ರಂದು ಭುಟ್ಟೋ ಅವರಿಗೆ ಮರಣದಂಡನೆ ವಿಧಿಸಿದ್ದು ನ್ಯಾಯದ ದೃಷ್ಟಿಯಿಂದ ಸಮರ್ಥಿಸಲಾಗದ ಸಂಗತಿ. ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿಯನ್ನು ಕೇಳಲು ಕುಳಿತ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಒಬ್ಬರು ನಿವೃತ್ತರಾಗಿ ಮತ್ತೊಬ್ಬರು ಅನಾರೋಗ್ಯದಿಂದ ಹೊರಗುಳಿದ ಬಳಿಕ, 1979ರ ಫೆಬ್ರವರಿ 6ರಂದು ನಾಲ್ವರು ಶಿಕ್ಷೆಯನ್ನು ಎತ್ತಿಹಿಡಿದರೆ ದೊರಾಬ್ ಪಟೇಲ್, ಮುಹಮ್ಮದ್ ಹಲೀಮ್ ಮತ್ತು ಸಫ್ದರ್ ಶಾ ಭಿನ್ನಮತ ಬರೆದರು.

ಒಂದೇ ಮತದ ಈ ಅಂತರವೇ ಮನವಿಗಳಿಗೆ ಬಲ ತುಂಬಿತು. ಅಮೆರಿಕದ ಜಿಮ್ಮಿ ಕಾರ್ಟರ್ ಮತ್ತು ಸೋವಿಯತ್ ಒಕ್ಕೂಟದ ಬ್ರೆಜ್ನೆವ್ ಅವರಂತಹ ಎದುರಾಳಿಗಳೂ ಈ ವಿಷಯದಲ್ಲಿ ಒಂದೇ ಬೇಡಿಕೆ ಇಟ್ಟರು. ಪೋಪ್ ಎರಡನೆಯ ಜಾನ್ ಪಾಲ್ ಮತ್ತು ಅರಬ್ ದೊರೆಗಳು ದನಿಗೂಡಿಸಿದರು. ತುರ್ಕಿಯ ಪ್ರಧಾನಿ ಎಜೆವಿತ್ ಭುಟ್ಟೋ ಅವರಿಗೆ ತಮ್ಮ ದೇಶದಲ್ಲಿ ಆಶ್ರಯ ನೀಡಲು ಮುಂದಾದರು. ಮಗ ಮುರ್ತಜಾ ಲಂಡನ್ನಿನಿಂದ ಪ್ರಚಾರ ನಡೆಸಿದರು. ಭಾರತದ ಪ್ರಧಾನಿ ಮೊರಾರ್ಜಿ ದೇಸಾಯಿ ಮಾತ್ರ ಇದು ನೆರೆರಾಷ್ಟ್ರದ ಆಂತರಿಕ ವಿಷಯವೆಂದು ದೂರ ಉಳಿದರು. ಪತ್ರಗಳಿಗಿಂತ ಬಹಳ ಹೆಚ್ಚಿನ ಬೆಲೆ ತೆತ್ತವರು ಪಾಕಿಸ್ತಾನ್ ಪೀಪಲ್ಸ್ ಪಾರ್ಟಿಯ ಸಾಮಾನ್ಯ ಕಾರ್ಯಕರ್ತರು: ಸಾರ್ವಜನಿಕವಾಗಿ ಛಡಿಯೇಟು ತಿಂದವರಿದ್ದರು, 1978ರಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟವರೂ ಇದ್ದರು. ಇವರ ತ್ಯಾಗಕ್ಕೆ ರಾಜತಾಂತ್ರಿಕ ಇತಿಹಾಸದ ಪುಟಗಳಲ್ಲಿ ಸಿಕ್ಕಿರುವ ಜಾಗ ತೀರಾ ಕಡಿಮೆ.

ಇಷ್ಟೆಲ್ಲದರ ನಡುವೆ, ಬಿನ್ನಹ ಮಾಡಿಕೊಳ್ಳಬೇಕಾದ ವ್ಯಕ್ತಿಯೇ ಅದಕ್ಕೆ ಒಪ್ಪಲಿಲ್ಲ. ದಯಾಭಿಕ್ಷೆಯ ಅರ್ಜಿಗೆ ಸಹಿ ಹಾಕಿದರೆ ಮಾಡದ ಅಪರಾಧವನ್ನು ಒಪ್ಪಿಕೊಂಡಂತೆಯೂ ಸೇನಾಡಳಿತವನ್ನು ಮಾನ್ಯ ಮಾಡಿದಂತೆಯೂ ಆಗುತ್ತದೆಂದು ಭಾವಿಸಿದ ಭುಟ್ಟೋ, ಪತ್ನಿ ನುಸ್ರತ್ ಮತ್ತು ಮಗಳು ಬೇನಜೀರ್ ಸಹ ಅರ್ಜಿ ಹಾಕದಂತೆ ತಡೆದರು. ಕೊನೆಗೆ ಅವರ ಸೋದರಿಯೊಬ್ಬರು ತಾವಾಗಿಯೇ ಅರ್ಜಿ ಸಲ್ಲಿಸಿದರು. ಮಾರ್ಚ್ 24ರಂದು ಪುನರ್ವಿಮರ್ಶೆಯ ಅರ್ಜಿಯನ್ನು ವಜಾ ಮಾಡಿದಾಗಲೂ, ವಕೀಲರು ಮಂಡಿಸಿದ ಕೆಲವು ವಾದಗಳನ್ನು ಕ್ಷಮಾದಾನದ ಹೊತ್ತಿನಲ್ಲಿ ಸರ್ಕಾರ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ ಸೂಚಿಸಿತ್ತು. ಜಿಯಾ ಆ ಬಾಗಿಲನ್ನು ತೆರೆಯಲಿಲ್ಲ. ಏಪ್ರಿಲ್ 4ರ ನಸುಕಿನಲ್ಲಿ ರಾವಲ್ಪಿಂಡಿಯ ಜೈಲಿನಲ್ಲಿ ಭುಟ್ಟೋ ಅವರನ್ನು ಗಲ್ಲಿಗೇರಿಸಲಾಯಿತು. ಅದೇ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಫೆಡರಲ್ ಸೆಕ್ಯುರಿಟಿ ಫೋರ್ಸ್‌ನ ನಾಲ್ವರು ಸಿಬ್ಬಂದಿಯೂ ಕೆಲವು ತಿಂಗಳುಗಳ ಬಳಿಕ ನೇಣಿಗೇರಿದರು.

2011ರಲ್ಲಿ ಅಧ್ಯಕ್ಷ ಆಸಿಫ್ ಅಲಿ ಜರ್ದಾರಿ ಈ ತೀರ್ಪಿನ ಬಗೆಗೆ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಉತ್ತರ ಬಂದದ್ದು 2024ರ ಮಾರ್ಚ್ 6ರಂದು: ವಿಚಾರಣೆಯು ನ್ಯಾಯಯುತವಾಗಿರಲಿಲ್ಲ, ಆದರೆ ಆ ತೀರ್ಪನ್ನು ರದ್ದುಪಡಿಸುವ ವ್ಯವಸ್ಥೆ ಸಂವಿಧಾನದಲ್ಲಾಗಲಿ ಕಾನೂನಿನಲ್ಲಾಗಲಿ ಇಲ್ಲ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು.