ಕಾಣದ ಸರತಿ ಸಾಲು: ಥೀಮ್ ಪಾರ್ಕ್ ಸವಾರಿಗಳ ಸಾಮರ್ಥ್ಯದ ಲೆಕ್ಕ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿರುವ ಡಿಸ್ನಿ ಹಾಲಿವುಡ್ ಸ್ಟುಡಿಯೋಸ್ ಥೀಮ್ ಪಾರ್ಕ್‌ನಲ್ಲಿ 2019ರ ಡಿಸೆಂಬರ್ 5ರಂದು ‘ಸ್ಟಾರ್ ವಾರ್ಸ್: ರೈಸ್ ಆಫ್ ದ ರೆಸಿಸ್ಟೆನ್ಸ್’ ಎಂಬ ಸವಾರಿ ಸಾರ್ವಜನಿಕರಿಗೆ ತೆರೆಯಿತು. 2020ರ ಜನವರಿ 17ರಂದು ಅದರ ಜೋಡಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡ್‌ನಲ್ಲಿ ಆರಂಭವಾಯಿತು. ಎರಡೂ ಕಡೆ ಬಾಗಿಲಲ್ಲಿ ನಿಂತು ಕಾಯುವ ಸಾಮಾನ್ಯ ಸಾಲು ಇರಲಿಲ್ಲ. ಪಾರ್ಕ್‌ನ ಒಳಗೆ ಬಂದವರು ಮೊಬೈಲ್ ಫೋನಿನ ಆಪ್ ಮೂಲಕ ‘ಬೋರ್ಡಿಂಗ್ ಗ್ರೂಪ್’ ಸಂಖ್ಯೆಯೊಂದನ್ನು ಪಡೆದು, ತಮ್ಮ ಸಂಖ್ಯೆಗೆ ಕರೆ ಬಂದಾಗ ಸವಾರಿಯ ಬಳಿಗೆ ಹೋಗಬೇಕಾಗಿತ್ತು. ಇದನ್ನೇ ವರ್ಚುವಲ್ ಕ್ಯೂ ಎನ್ನುತ್ತಾರೆ. ಬ್ಯಾಂಕಿನಲ್ಲಿ ಟೋಕನ್ ಪಡೆದು, ಹೊರಗೆ ಹೋಗಿ ಕಾಫಿ ಕುಡಿದು ಬರುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಬ್ಯಾಂಕಿನಲ್ಲಿ ಬಂದವರಿಗೆಲ್ಲ ಟೋಕನ್ ಸಿಗುತ್ತದೆ, ಇಲ್ಲಿ ಸಿಗುತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಮೊದಲ ವಾರಗಳಲ್ಲಿ ಜನ ಬೆಳಕು ಹರಿಯುವ ಮುನ್ನವೇ ಬಂದು ಗೇಟಿನ ಬಳಿ ನೆರೆಯುತ್ತಿದ್ದರು. ಇಡೀ ದಿನದ ಸಂಖ್ಯೆಗಳು ನಿಮಿಷಗಳಲ್ಲಿ ಮುಗಿಯುತ್ತಿದ್ದವು. ನಿರ್ದಿಷ್ಟ ಸಂಖ್ಯೆಯ ಆಚೆಗಿನವರಿಗೆ ‘ಬ್ಯಾಕಪ್’ ಗುಂಪು ದೊರೆಯುತ್ತಿತ್ತು. ಅಂದು ಸವಾರಿ ಕೆಡದೆ ನಡೆದರೆ ಅವಕಾಶ, ಇಲ್ಲವಾದರೆ ಇಲ್ಲ. ಸಾಲನ್ನು ನಿವಾರಿಸಲೆಂದು ತಂದ ವ್ಯವಸ್ಥೆ, ಸಾಲನ್ನು ಸವಾರಿಯ ಬಾಗಿಲಿನಿಂದ ಎತ್ತಿ ಪಾರ್ಕ್‌ನ ಹೆಬ್ಬಾಗಿಲಿಗೆ ತಂದಿರಿಸಿತು ಎನ್ನಬೇಕು.

ಸಾಮರ್ಥ್ಯ ಎಂದರೇನು?: ಯಾವುದೇ ಸವಾರಿಯ ಸಾಮರ್ಥ್ಯವನ್ನು ತಾಸಿಗೆ ಎಷ್ಟು ಜನ ಎಂದು ಅಳೆಯುತ್ತಾರೆ. ಒಂದು ಸಲಕ್ಕೆ ಎಷ್ಟು ಆಸನಗಳು ಹೊರಡುತ್ತವೆ, ಎಷ್ಟು ಸೆಕೆಂಡಿಗೊಮ್ಮೆ ಹೊರಡುತ್ತವೆ ಎಂಬ ಎರಡೇ ಅಂಶಗಳು ಅದನ್ನು ನಿರ್ಧರಿಸುತ್ತವೆ. ಸವಾರಿಯು ಎಷ್ಟು ನಿಮಿಷಗಳದ್ದು ಎಂಬುದು ಇಲ್ಲಿ ನೇರವಾಗಿ ಲೆಕ್ಕಕ್ಕೆ ಬರುವುದಿಲ್ಲವೆಂಬುದು ಹಲವರಿಗೆ ಅಚ್ಚರಿಯ ವಿಷಯ. ದೀರ್ಘ ಸವಾರಿಗೆ ಹೆಚ್ಚು ವಾಹನಗಳು ಬೇಕಾಗುತ್ತವೆ, ಅಷ್ಟೆ.

ರೈಸ್ ಆಫ್ ದ ರೆಸಿಸ್ಟೆನ್ಸ್‌ನ ಹಳಿಯಿಲ್ಲದ ವಾಹನದಲ್ಲಿ ನಾಲ್ವರ ಎರಡು ಸಾಲುಗಳಿವೆ, ಅಂದರೆ 8 ಆಸನ. ವಾಹನಗಳು ಜೋಡಿಯಾಗಿ ಸಾಗುವುದರಿಂದ ಒಂದು ಸಲಕ್ಕೆ 16 ಜನ. ಉದಾಹರಣೆಗೆ 36 ಸೆಕೆಂಡಿಗೊಂದು ಜೋಡಿ ಹೊರಟಿತೆಂದುಕೊಳ್ಳೋಣ. ಇದು ಲೆಕ್ಕ ತಿಳಿಯಲು ಹಿಡಿದ ಅಂಕಿಯೇ ಹೊರತು ಡಿಸ್ನಿ ಪ್ರಕಟಿಸಿದ್ದಲ್ಲ. ತಾಸಿಗೆ 100 ಜೋಡಿ, 1,600 ಜನ. ಮಗುವೊಂದು ಹತ್ತಲು ಹಟ ಮಾಡಿತು, ವೃದ್ಧರೊಬ್ಬರಿಗೆ ಆಸರೆ ಬೇಕಾಯಿತು, ಯಾರದೋ ಚೀಲ ಬಾಗಿಲಿಗೆ ಅಡ್ಡವಾಯಿತು ಎಂದು ಸರಾಸರಿ ಅಂತರ 45 ಸೆಕೆಂಡಿಗೆ ಏರಿದರೆ ತಾಸಿಗೆ 80 ಜೋಡಿ ಮಾತ್ರ, ಅಂದರೆ 1,280 ಜನ. ಒಂಬತ್ತು ಸೆಕೆಂಡಿನ ವಿಳಂಬಕ್ಕೆ ತಾಸಿಗೆ 320 ಆಸನ ನಷ್ಟ. 12 ತಾಸಿನ ದಿನಕ್ಕೆ ಇದು 3,840. ಇದರ ಮೇಲೆ ನಾಲ್ವರ ಸಾಲಿನಲ್ಲಿ ಮೂವರ ಕುಟುಂಬವೊಂದು ಕುಳಿತಾಗ ಖಾಲಿ ಹೋಗುವ ಆಸನದ ನಷ್ಟವೂ ಸೇರುತ್ತದೆ. ಕೆಲವು ಸವಾರಿಗಳಲ್ಲಿ ಒಂಟಿಯಾಗಿ ಬಂದವರಿಗೆ ಬೇರೆ ಸಾಲು ಇಟ್ಟಿರುವುದು ಇಂತಹ ಆಸನಗಳನ್ನು ತುಂಬಲೆಂದೇ.

ಹಳೆಯ ಸವಾರಿಗಳು ಈ ವಿಚಾರದಲ್ಲಿ ಜಾಣವಾಗಿದ್ದವು. ಡಿಸ್ನಿಲ್ಯಾಂಡ್‌ನಲ್ಲಿ 1969ರಲ್ಲಿ ತೆರೆದ ‘ಹಾಂಟೆಡ್ ಮ್ಯಾನ್ಶನ್’ ಎಂಬ ಭೂತದ ಬಂಗಲೆಯಲ್ಲಿ ಆಸನಗಳು ಸರಪಳಿಯಂತೆ ಒಂದರ ಹಿಂದೊಂದು ಚಲಿಸುತ್ತಲೇ ಇರುತ್ತವೆ. ಜನ ಚಲಿಸುವ ಪಟ್ಟಿಯ ಮೇಲೆ ನಡೆದು ಹತ್ತುತ್ತಾರೆ, ಹಾಗೆಯೇ ಇಳಿಯುತ್ತಾರೆ. ನಿಲ್ಲಿಸಿ ಹತ್ತಿಸುವ ಪ್ರಶ್ನೆಯೇ ಇಲ್ಲ. ಹೊಸ ಸವಾರಿ ಹಾಗಲ್ಲ. ಸುಮಾರು 18 ನಿಮಿಷಗಳ ಅನುಭವದಲ್ಲಿ ಪ್ರೇಕ್ಷಕ ಮೊದಲು ಒಂದು ಸಾರಿಗೆ ನೌಕೆಯನ್ನು ಹೊಕ್ಕು, ಶತ್ರುವಿನ ಬೃಹತ್ ನೌಕೆಯ ಅಂಗಳಕ್ಕೆ ಇಳಿದು, ಸೆರೆಯಾಗಿ, ಹಳಿಯಿಲ್ಲದ ವಾಹನದಲ್ಲಿ ಪಾರಾಗಿ, ಲಿಫ್ಟ್‌ನಂತೆ ಮೇಲೇರಿ, ಕೊನೆಗೆ ಕೆಳಕ್ಕೆ ಬೀಳುತ್ತಾನೆ. ಬೇರೆ ಬೇರೆ ಬಗೆಯ ಯಂತ್ರವ್ಯವಸ್ಥೆಗಳು ಒಂದೇ ಕೊಂಡಿಗೆ ಪೋಣಿಸಲ್ಪಟ್ಟಿವೆ. ಯಾವುದೇ ಒಂದು ನಿಂತರೂ ಹಿಂದಿನದೆಲ್ಲವೂ ನಿಲ್ಲುತ್ತದೆ. ಆರಂಭದ ತಿಂಗಳುಗಳಲ್ಲಿ ಅದು ಆಗಾಗ್ಗೆ ನಿಲ್ಲುತ್ತಲೂ ಇತ್ತು.

ಹೊರಾಂಗಣದ ಸವಾರಿಗಳಿಗೆ ಮಳೆಯ ಕಾಟ ಬೇರೆ. ಓರ್ಲಾಂಡೊದ ಯೂನಿವರ್ಸಲ್ ಸಂಸ್ಥೆಯ ಪಾರ್ಕ್‌ನಲ್ಲಿ 2019ರ ಜೂನ್ 13ರಂದು ಹ್ಯಾಗ್ರಿಡ್ ಹೆಸರಿನ ಮೋಟಾರ್‌ಬೈಕ್ ರೋಲರ್ ಕೋಸ್ಟರ್ ತೆರೆದಾಗ ಕಾಯುವ ಅವಧಿ 10 ತಾಸಿಗೆ ಮುಟ್ಟಿತ್ತು. ಗುಡುಗು ಸಿಡಿಲು ಕಂಡೊಡನೆ ಇಂತಹವನ್ನು ನಿಲ್ಲಿಸಲೇಬೇಕು. ಫ್ಲಾರಿಡಾದ ಬೇಸಿಗೆಯಲ್ಲಿ ಅದು ಬಹುತೇಕ ಪ್ರತಿ ಮಧ್ಯಾಹ್ನದ ಮಾತು.

ಸಾಲು ಎಲ್ಲಿಗೆ ಹೋಯಿತು?: ಅಮೆರಿಕದ ವಿದ್ವಾಂಸ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿದ ಸೂತ್ರವೊಂದಿದೆ. ಸರಳವಾಗಿ ಹೇಳುವುದಾದರೆ, ಸಾಲಿನಲ್ಲಿರುವವರ ಸಂಖ್ಯೆಯನ್ನು ತಾಸಿನ ಸಾಮರ್ಥ್ಯದಿಂದ ಭಾಗಿಸಿದರೆ ಕಾಯುವ ಸಮಯ ದೊರೆಯುತ್ತದೆ. ತಾಸಿಗೆ 1,600 ಜನರನ್ನು ಕಳಿಸುವ ಸವಾರಿಗೆ 4,000 ಜನ ಕಾಯುತ್ತಿದ್ದರೆ ಕೊನೆಯವನ ಪಾಲಿಗೆ ಎರಡೂವರೆ ತಾಸು. ಆ 4,000 ಜನ ಕಂಬಿಗಳ ನಡುವೆ ನಿಂತಿರಲಿ, ಫೋನ್ ಹಿಡಿದು ಹೋಟೆಲಿನಲ್ಲಿ ಕುಳಿತಿರಲಿ, ಉತ್ತರ ಒಂದೇ. ವರ್ಚುವಲ್ ಕ್ಯೂ ಒಂದೇ ಒಂದು ಆಸನವನ್ನೂ ಸೃಷ್ಟಿಸುವುದಿಲ್ಲ.

ಅದು ಮಾಡುವ ಇನ್ನೊಂದು ಕೆಲಸದತ್ತ ಗಮನ ಹೋಗುವುದು ಕಡಿಮೆ. ನಿಂತು ಕಾಯುವ ಸಾಲಿಗೆ ತನ್ನದೇ ಆದ ಬೆಲೆಯಿದೆ. ಮೂರು ತಾಸು ಎಂಬ ಫಲಕ ನೋಡಿದ ಅನೇಕರು ‘ಬೇಡಪ್ಪಾ’ ಎಂದು ಹಿಂದಿರುಗುತ್ತಾರೆ. ಹೀಗೆ ಸಾಲು ತನ್ನನ್ನು ತಾನೇ ಹದಗೊಳಿಸಿಕೊಳ್ಳುತ್ತದೆ. ಫೋನಿನಲ್ಲಿ ಗುಂಡಿ ಒತ್ತುವುದಕ್ಕೆ ಬೆಲೆಯಿಲ್ಲ. ಆದ್ದರಿಂದ ಅಷ್ಟೇನೂ ಆಸಕ್ತಿ ಇಲ್ಲದವನೂ ಒತ್ತುತ್ತಾನೆ. ಬೇಡಿಕೆ ಉಬ್ಬುತ್ತದೆ, ನಿಜವಾಗಿ ಬಯಸಿ ದೂರದಿಂದ ಬಂದವನು ಅದೃಷ್ಟವನ್ನು ನೆಚ್ಚಬೇಕಾಗುತ್ತದೆ. ಸಂಖ್ಯೆ ಪಡೆದವರು ಸುಮ್ಮನೆ ಕೂರುವುದೂ ಇಲ್ಲ, ಬೇರೆ ಸವಾರಿಗಳ ಸಾಲಿನಲ್ಲಿ ಹೋಗಿ ನಿಲ್ಲುತ್ತಾರೆ. ಒಬ್ಬನೇ ಎರಡು ಸಾಲುಗಳಲ್ಲಿರುವಂತಾಗಿ ಇಡೀ ಪಾರ್ಕ್‌ನ ಸಾಲುಗಳು ಬೆಳೆಯುತ್ತವೆ. 1999ರಲ್ಲಿ ಡಿಸ್ನಿ ಕಾಗದದ ಚೀಟಿಯ ರೂಪದಲ್ಲಿ ಉಚಿತ ‘ಫಾಸ್ಟ್‌ಪಾಸ್’ ತಂದಾಗಿನಿಂದ ಇದು ಚರ್ಚೆಯಲ್ಲಿರುವ ಸಂಗತಿ. ಯೂನಿವರ್ಸಲ್‌ನ ‘ವೋಲ್ಕೆನೊ ಬೇ’ ಜಲಕ್ರೀಡಾ ಪಾರ್ಕ್ 2017ರ ಮೇ 25ರಂದು ತೆರೆದಾಗ ಕೈಪಟ್ಟಿಯ ಮೂಲಕ ಒಬ್ಬರಿಗೆ ಒಮ್ಮೆಗೆ ಒಂದೇ ಸಾಲು ಎಂದು ನಿಯಮ ಮಾಡಿತು. ಈ ದೋಷಕ್ಕೆ ಅದು ಸರಿಯಾದ ಮದ್ದೇ. ಆದರೆ ಜನಸಂದಣಿಯ ದಿನ ತಾಸುಗಟ್ಟಲೆ ದೂರದ ಸಮಯ ದೊರೆತವರಿಗೆ ಮಾಡಲು ಬೇರೆ ಹೆಚ್ಚೇನೂ ಇರುತ್ತಿರಲಿಲ್ಲ.

ಹಾಗೆಂದು ಇದರಿಂದ ಪ್ರಯೋಜನವೇ ಇಲ್ಲವೆನ್ನಲಾಗದು. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆಂದು ಹೋದ ನಮ್ಮ ಕಡೆಯ ಹಿರಿಯರು ಬಿಸಿಲಿನಲ್ಲಿ ಮೂರು ತಾಸು ನಿಲ್ಲುವುದಕ್ಕಿಂತ ನೆರಳಿನಲ್ಲಿ ಕುಳಿತು ಕರೆಗಾಗಿ ಕಾಯುವುದು ಎಷ್ಟೋ ಮೇಲು. ಸವಾರಿ ಕೆಟ್ಟಾಗಲಂತೂ ಸಾವಿರಾರು ಜನರನ್ನು ಸಾಲಿನಿಂದ ಹೊರಗಟ್ಟುವ ಪ್ರಮೇಯ ಬರುವುದಿಲ್ಲ. ಕರೆಯುವ ಗುಂಪುಗಳ ವೇಗವನ್ನು ತಗ್ಗಿಸಿದರಾಯಿತು.

ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ?: ಕೋವಿಡ್ ವಿರಾಮದ ಬಳಿಕ 2020ರ ಜುಲೈಯಲ್ಲಿ ಹಾಲಿವುಡ್ ಸ್ಟುಡಿಯೋಸ್ ಮತ್ತೆ ತೆರೆಯಿತು. ಅದೇ ವರ್ಷ ನವೆಂಬರ್‌ನಿಂದ ಬೆಳಿಗ್ಗೆ 7 ಗಂಟೆಗೆ ಮನೆ ಅಥವಾ ಹೋಟೆಲಿನಿಂದಲೇ ಸಂಖ್ಯೆ ಪಡೆಯಲು ಅವಕಾಶವಾಯಿತು. ಮುಂಜಾನೆಯ ನೂಕುನುಗ್ಗಲು ತಪ್ಪಿತು. ಆದರೆ ಸ್ಪರ್ಧೆ ಬೆರಳ ತುದಿಗೆ ಇಳಿಯಿತು. ವೇಗದ ಫೋನ್ ಉಳ್ಳವನಿಗೆ, ಆಪ್‌ನ ಒಳಗುಟ್ಟು ಬಲ್ಲವನಿಗೆ, ವರ್ಷಕ್ಕೆ ಹತ್ತು ಸಲ ಬರುವ ಸ್ಥಳೀಯನಿಗೆ ಅನುಕೂಲ. ಜೀವಮಾನಕ್ಕೊಮ್ಮೆ ಬರುವ ಕುಟುಂಬ ಕೆಲವೇ ಸೆಕೆಂಡು ತಡಮಾಡಿ, ಪ್ರವೇಶದ ಹಣ ತೆತ್ತೂ ಬರಿಗೈಯಲ್ಲಿ ಮರಳಬೇಕಾಗಬಹುದಿತ್ತು. ನಿಂತು ಕಾಯುವ ಸಾಲಿನಲ್ಲಿ ತಾಳ್ಮೆಯಿದ್ದವನಿಗೆ ಎಂದೂ ಬಾಗಿಲು ಮುಚ್ಚುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

2021ರ ಸೆಪ್ಟೆಂಬರ್ 23ರಿಂದ ಫ್ಲಾರಿಡಾದಲ್ಲಿ ಈ ಸವಾರಿಗೆ ನಿಂತು ಕಾಯುವ ಸಾಲು ಬಂದಿತು. ತಿಂಗಳೊಳಗೆ, ಅಕ್ಟೋಬರ್ 19ರಂದು, ತಲಾ 15 ಡಾಲರ್ ಕೊಟ್ಟವರಿಗೆ ಪ್ರತ್ಯೇಕ ‘ಲೈಟ್ನಿಂಗ್ ಲೇನ್’ ಆರಂಭವಾಯಿತು. ಹಣ ತೆತ್ತವರಿಗಾಗಿ ಮೀಸಲಿಟ್ಟ ಪ್ರತಿ ಆಸನವೂ ಸಾಮಾನ್ಯ ಸಾಲಿನಿಂದ ಕಳೆದ ಆಸನವೇ. ಉಚಿತ ಫಾಸ್ಟ್‌ಪಾಸ್ ಯುಗ ಅಲ್ಲಿಗೆ ಮುಗಿಯಿತು.

ಅಂಗವಿಕಲರಿಗೆ ಉಚಿತವಾಗಿ ನಿಗದಿತ ಸಮಯ ಕೊಡುವ ಸೇವೆಯೊಂದು ಡಿಸ್ನಿಯಲ್ಲಿ 2013ರಿಂದ ಇದೆ. ಇದೂ ಒಂದು ಬಗೆಯ ವರ್ಚುವಲ್ ಕ್ಯೂ. 2024ರಲ್ಲಿ ಅದನ್ನು ಮುಖ್ಯವಾಗಿ ಆಟಿಸಂ ಮುಂತಾದ ಬೆಳವಣಿಗೆಯ ತೊಂದರೆಗಳಿರುವವರಿಗೆ ಸೀಮಿತಗೊಳಿಸಲಾಯಿತು. ಮೊದಲು ಸೇವೆ ಪಡೆಯುತ್ತಿದ್ದ ಬೇರೆ ಕಾಯಿಲೆಗಳ ಅನೇಕರು ಇದನ್ನು ವಿರೋಧಿಸಿದರು. ಆಸನಗಳು ಮಿತವಾಗಿರುವಾಗ ಯಾರ ಅಗತ್ಯ ಮೊದಲು ಎಂಬ ತಕರಾರಿಗೆ ಸೂತ್ರವಿಲ್ಲ.

ಮುಂದಿನ ಸವಾರಿಗಳಲ್ಲೂ ಡಿಸ್ನಿ ಇದೇ ಕ್ರಮ ಹಿಡಿಯಿತು. 2022ರ ಮೇ 27ರಂದು ಎಪ್ಕಾಟ್‌ನಲ್ಲಿ ತೆರೆದ ‘ಕಾಸ್ಮಿಕ್ ರಿವೈಂಡ್’, 2023ರ ಏಪ್ರಿಲ್ 4ರಂದು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ತೆರೆದ ‘ಟ್ರಾನ್’ ಹಾಗೂ 2024ರ ಜೂನ್ 28ರಂದು ಅಲ್ಲಿಯೇ ತೆರೆದ ‘ಟಿಯಾನಾಸ್ ಬಾಯೂ ಅಡ್ವೆಂಚರ್’ ಮೂರೂ ವರ್ಚುವಲ್ ಕ್ಯೂನಿಂದಲೇ ಆರಂಭಗೊಂಡವು. 2024ರ ಸೆಪ್ಟೆಂಬರ್‌ನಲ್ಲಿ ಟ್ರಾನ್, ನವೆಂಬರ್‌ನಲ್ಲಿ ಟಿಯಾನಾ, 2025ರ ಫೆಬ್ರುವರಿಯಲ್ಲಿ ಕಾಸ್ಮಿಕ್ ರಿವೈಂಡ್ ಒಂದೊಂದಾಗಿ ನಿಂತು ಕಾಯುವ ಸಾಲಿಗೆ ಮರಳಿದವು.