ಮಂಜುಗಡ್ಡೆಯ ಕರಗುವಿಕೆ ಮತ್ತು ಅದನ್ನು ತಡೆಯುವ ಬಗೆ

ಮಂಜುಗಡ್ಡೆ ಕರಗಬೇಕಾದರೆ ಅದಕ್ಕೆ ಹೊರಗಿನಿಂದ ಶಾಖ ಸೇರಬೇಕು. ಅದನ್ನು ಉಳಿಸುವ ಉಪಾಯಗಳೆಲ್ಲ ಆ ಶಾಖದ ದಾರಿಗೆ ಅಡ್ಡ ಕಟ್ಟುವ ಉಪಾಯಗಳೇ. ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವ, ಕಲಬುರಗಿ ಕಡೆಯ ಮಳಖೇಡ, ಸೇಡಂ, ಚಿತ್ತಾಪುರ, ವಾಡಿ ಸೀಮೆಯಲ್ಲಿ ಇದು ದಿನನಿತ್ಯದ ವಿಜ್ಞಾನ.

ಕರಗುವಾಗ ಮಂಜುಗಡ್ಡೆ ಶಾಖ ಹೀರುತ್ತಲೇ ಇದ್ದರೂ ಅದರ ತಾಪ ಏರುವುದಿಲ್ಲ. ಈ ಗುಪ್ತೋಷ್ಣವನ್ನು 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿ ಅಳೆದವರು ಜೋಸೆಫ್ ಬ್ಲ್ಯಾಕ್. 1 ಕಿಲೋ ಮಂಜುಗಡ್ಡೆ ಪೂರ್ತಿ ನೀರಾಗಲು ಸುಮಾರು 334 ಕಿಲೋಜೌಲ್ ಬೇಕು; ಅಷ್ಟೇ ಶಾಖ 1 ಕಿಲೋ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸುತ್ತದೆ.

ಈ ಗುಣವನ್ನೇ ನಂಬಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡೆರಿಕ್ ಟ್ಯೂಡರ್ 1833ರಲ್ಲಿ 'ಟಸ್ಕನಿ' ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆಯನ್ನು ಕಲ್ಕತ್ತೆಗೆ ಕಳಿಸಿದರು. ಭೂಮಧ್ಯರೇಖೆಯನ್ನು ಎರಡು ಸಲ ದಾಟಿದ ನಾಲ್ಕು ತಿಂಗಳ ಪ್ರಯಾಣದ ಕೊನೆಗೆ ಸುಮಾರು 100 ಟನ್ ಉಳಿದಿತ್ತು. ಆ ಕಾಲಕ್ಕೆ ಇದು ನಿಜಕ್ಕೂ ಬೆರಗಿನ ಸಾಧನೆ. ಮದ್ರಾಸಿನ ಕಡಲತೀರದಲ್ಲಿ ಇದೇ ಸರಕಿಗಾಗಿ ಕಟ್ಟಿದ ಐಸ್ ಹೌಸ್ ಈಗ ವಿವೇಕಾನಂದರ ಹೆಸರಿನಲ್ಲಿದೆ. ಯಂತ್ರದ ಮಂಜುಗಡ್ಡೆ ಬಂದ ಮೇಲೆ ಆ ವ್ಯಾಪಾರ ನಿಂತಿತು. ಆದರೆ ಅದು ಹಬ್ಬಿಸಿದ ಮರದ ಹೊಟ್ಟಿನ ಹೊದಿಕೆ ಉಳಿಯಿತು. ಹೊಟ್ಟಿನ ಕಣಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡದೆ ನಿಲ್ಲುವುದರಿಂದ ಶಾಖ ಒಳಗೆ ಸಾಗುವುದು ನಿಧಾನ. ಕರಗಿದ ನೀರು ಹರಿದುಹೋಗದೆ ಹೊಟ್ಟು ತೊಯ್ದರೆ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ, ಹೊದಿಕೆಯ ಕೆಲಸ ಕೆಡುತ್ತದೆ. ಥರ್ಮಾಕೋಲ್ ಪೆಟ್ಟಿಗೆಯೂ ಹೀಗೆ ಗಾಳಿಯನ್ನು ಕಟ್ಟಿಹಾಕಿಯೇ ಕೆಲಸ ಮಾಡುತ್ತದೆ.

ಹೊದಿಕೆಯಷ್ಟೇ ಅಲ್ಲ, ಕೆಳಗಿನ ನೆಲವೂ ಮುಖ್ಯ. ಸೇಡಂ, ಚಿತ್ತಾಪುರ ಸೀಮೆಯ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಪರಸಿ ಬರಿಗಾಲಿಗೆ ತಂಪು. ಕಾಲಿನ ಶಾಖವನ್ನು ಅದು ಬೇಗ ಎಳೆದುಕೊಳ್ಳುವುದೇ ಕಾರಣ. ಅದೇ ಪರಸಿಯ ಮೇಲೆ ಐಸ್ ತುಂಡು ಇಟ್ಟರೆ ಕಲ್ಲಿನ ಶಾಖವೂ ಅಷ್ಟೇ ಬೇಗ ಅದಕ್ಕೆ ಸೇರುತ್ತದೆ. ಮರದ ಹಲಗೆಯ ಮೇಲಿಗಿಂತ ಬೇಗ ಕರಗುತ್ತದೆ. ಕೆಳಗೆ ಹಲಗೆಯನ್ನೋ ಗೋಣಿಯ ಮಡಿಕೆಯನ್ನೋ ಹಾಕುವುದು ಅದಕ್ಕೇ ಸರಿ.

ಗಾಳಿಯ ತೇವವೂ ಲೆಕ್ಕಕ್ಕೆ ಬರುತ್ತದೆ. ತೇವದ ಗಾಳಿ ಬರಿಯ ಮಂಜುಗಡ್ಡೆಗೆ ತಾಗಿದಾಗ ಅದರ ಆವಿ ನೀರಾಗಿ ಶಾಖ ಬಿಡುತ್ತದೆ. ಹಾಗಾಗಿ ತಾಪ ಸಮನಾಗಿದ್ದರೂ ಮಂಗಳೂರಿನ ಗಾಳಿ ಕಲಬುರಗಿಯ ಒಣ ಗಾಳಿಗಿಂತ ಹೆಚ್ಚು ಕರಗಿಸುತ್ತದೆ. ಒಣ ಸೀಮೆಗೆ ಇನ್ನೊಂದು ಅನುಕೂಲವಿದೆ: ಒಳಪದರ ಒಣಗಿರುವಂತೆ ನೋಡಿಕೊಂಡು ಹೊರಗಿನ ಗೋಣಿಯನ್ನಷ್ಟೇ ತೋಯಿಸಿದರೆ, ಆ ನೀರು ಆರುತ್ತ ಹೊರಮೈಯನ್ನು ತಂಪಾಗಿಡುತ್ತದೆ. ಉಪ್ಪಿನ ಕೆಲಸ ತದ್ವಿರುದ್ಧ. ಉಪ್ಪು ಬೆರೆತ ಮಂಜುಗಡ್ಡೆ 0 ಡಿಗ್ರಿಗಿಂತ ಕೆಳಗಿಳಿದು ಕುಲ್ಫಿಯನ್ನು ಹೆಪ್ಪುಗಟ್ಟಿಸಬಲ್ಲದು, ಆದರೆ ತಾನು ಬೇಗ ಕರಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಹೊಟ್ಟನ್ನು ಮಂಜುಗಡ್ಡೆಯ ಒಳಕ್ಕೇ ಸೇರಿಸಿದರು. ಜೆಫ್ರಿ ಪೈಕ್ ಎಂಬವರ ಹೆಸರು ಹೊತ್ತ ಈ 'ಪೈಕ್ರೀಟ್'ನಲ್ಲಿ ತೂಕದ ಸುಮಾರು ಶೇಕಡ 14ರಷ್ಟು ಮರದ ಹೊಟ್ಟು. ಅದು ಬರಿಯ ಮಂಜುಗಡ್ಡೆಗಿಂತ ಗಟ್ಟಿ, ಕರಗುವುದೂ ನಿಧಾನ.

ಗಾತ್ರದ ಪಾಲು ಇವೆಲ್ಲಕ್ಕಿಂತ ಕಡಿಮೆಯಲ್ಲ. ಶಾಖ ಒಳಸೇರುವುದು ಮೈಯಿಂದ. ಒಂದು ಘನಾಕೃತಿಯ ಗಡ್ಡೆಯನ್ನು ಎಂಟು ಸಮ ತುಂಡು ಮಾಡಿದರೆ ತೂಕ ಅಷ್ಟೇ, ತೆರೆದ ಮೈ ಮಾತ್ರ ಎರಡು ಪಟ್ಟು. ಬೇಕಾದಷ್ಟನ್ನೇ ಒಡೆದು, ಮಿಕ್ಕ ಗಡ್ಡೆಯನ್ನು ಇಡಿಯಾಗಿ ಮುಚ್ಚಿಡುವುದು ಇದರಿಂದಲೇ.